ಮನೆ ಅಲಂಕಾರದಲ್ಲಿ ನಿಮ್ಮ ಶೈಲಿ ಯಾವುದು? ಅಂಗಡಿಗೆ ಹೋಗುವ ಮೊದಲು ಅಟ್ಟ ಹತ್ತಿ ನೋಡಿ

ನಮ್ಮ ಕಡೆ ಹೊಸ ಮನೆ ಪ್ಲಾಸ್ಟರ್ ಹಂತಕ್ಕೆ ಬಂತು ಅಂದರೆ ಸಾಕು, ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂರುತ್ತಾರೆ. ಬೂದು ಗೋಡೆ, ಬಿಳಿ ಸೋಫಾ, ಗಾಜಿನ ಟೀಪಾಯಿ, ಮೇಲೆ ಪಿಒಪಿ ಸೀಲಿಂಗ್. ಫೋಟೋದಲ್ಲಿ ಚೆಂದವೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಫೋಟೋದ ಮನೆಗೆ ಏಪ್ರಿಲ್ ತಿಂಗಳ ವಿಜಯಪುರದ ಧೂಳು ಬರುವುದಿಲ್ಲ, ಹೊಲದಿಂದ ಬಂದ ಮಾವ ಎರೆಮಣ್ಣು ಹತ್ತಿದ ಕಾಲಲ್ಲೇ ಪಡಸಾಲೆಗೆ ಬಂದು ಕೂರುವುದಿಲ್ಲ, ಜಾತ್ರೆಗೆ ಬಂದ ನೆಂಟರೆಲ್ಲ ಸಾಲಾಗಿ ನೆಲದ ಮೇಲೆ ಹಾಸಿಕೊಂಡು ಮಲಗುವುದೂ ಇಲ್ಲ. ಹಾಗಾಗಿ ಕೆಲವೇ ತಿಂಗಳಲ್ಲಿ ಆ ಬಿಳಿ ಸೋಫಾದ ಮೇಲೆ ಹಳೇ ಚಾದರ ಬೀಳುತ್ತದೆ. ಇದು ತಪ್ಪು ಆಯ್ಕೆ ಅಂತಲ್ಲ, ಬೇರೆಯವರ ಆಯ್ಕೆ.

ನಿಮ್ಮ ರುಚಿ ಏನು ಅನ್ನೋದು ಹೊಸದಾಗಿ ಕಲಿಯಬೇಕಾದ ವಿಷಯವಲ್ಲ. ನೀವು ದಿನಾ ಎಲ್ಲಿ ಕೂರುತ್ತೀರಿ, ಏನನ್ನು ಎಷ್ಟು ಮನೆ ಬದಲಿಸಿದರೂ ಎಸೆಯಲಿಲ್ಲ, ಯಾವ ಬಟ್ಟೆ ಕಂಡರೆ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ ಅನ್ನೋದರಲ್ಲಿ ಅದು ಆಗಲೇ ಇದೆ. ಅದನ್ನು ಗುರುತಿಸಲು ಒಂದು ತಿಂಗಳು ಸಾಕು, ಖರ್ಚು ಹೆಚ್ಚುಕಮ್ಮಿ ಇಲ್ಲ. ಒಂದೇ ಷರತ್ತು: ಆ ತಿಂಗಳು ಮನೆಗೆ ಹೊಸ ವಸ್ತು ಏನೂ ತರಬೇಡಿ.

ಮೊದಲು, ಯಾರು ಎಲ್ಲಿ ಕೂರುತ್ತಾರೆ ನೋಡಿ

ಒಂದು ವಾರ ಸುಮ್ನೆ ಗಮನಿಸಿ. ಮುಂಜಾನೆ ಚಹಾ ಎಲ್ಲಿ ಕುಡಿಯುತ್ತೀರಿ? ಪಕ್ಕದ ಮನೆಯವರು ಬಂದರೆ ಎಲ್ಲಿ ಕೂರುತ್ತಾರೆ? ಅಜ್ಜಿ ಜೋಳ ಹಸನು ಮಾಡುವುದು ಯಾವ ಬೆಳಕಲ್ಲಿ? ಮಕ್ಕಳು ಮೇಜು ಬಿಟ್ಟು ಎಲ್ಲಿ ಬೋರಲು ಬಿದ್ದು ಬರೆಯುತ್ತಾರೆ? ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ಸೋಫಾ ಇರುತ್ತದೆ, ಜನ ಮಾತ್ರ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿರುತ್ತಾರೆ. ನಿಮ್ಮ ಮನೆಯೂ ಹಾಗೇ ಇದ್ದರೆ ನಿಮಗೆ ಬೇಕಾದದ್ದು ದೊಡ್ಡ ಸೋಫಾ ಸೆಟ್ ಅಲ್ಲ. ತಗ್ಗು ಕಟ್ಟೆ, ಗಾದಿ, ಲೋಡು, ಒಂದು ಒಳ್ಳೆ ಜಮಖಾನ ಸಾಕು.

ಕೂರುವ ಎತ್ತರ ಬದಲಾದರೆ ಉಳಿದದ್ದೆಲ್ಲ ಬದಲಾಗುತ್ತದೆ, ಇದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಗೋಡೆಯ ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿ ಇರಲಿ ಅನ್ನುವುದು ರೂಢಿಯ ಲೆಕ್ಕ. ಅದು ನಿಂತು ನೋಡುವವರ ಲೆಕ್ಕ. ನೀವು ನೆಲದ ಮೇಲೆ ಕೂರುವವರಾದರೆ ಚಿತ್ರವನ್ನು ಒಂದು ಅಡಿಯಾದರೂ ಕೆಳಗೆ ಇಳಿಸಿ. ದೀಪವನ್ನೂ ಇಳಿಸಿ. ಸೀಲಿಂಗಿನ ಅಲಂಕಾರಕ್ಕೆ ಇಟ್ಟ ಹಣ ನೆಲಕ್ಕೆ ಹಾಕಿ, ಯಾಕೆಂದರೆ ನಿಮ್ಮ ಕಣ್ಣು, ಕೈ ಎರಡೂ ತಾಗುವುದು ಅಲ್ಲಿಗೆ.

ಈಗ ಅಟ್ಟ, ಟ್ರಂಕು, ಮೂಲೆಯ ಗಂಟು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ರವಿವಾರ ಹಗಲು ಹೊತ್ತಲ್ಲಿ ಮನೆಯಲ್ಲಿರುವ ಹಳೇ, ಮೆಚ್ಚಿನ ವಸ್ತುಗಳನ್ನೆಲ್ಲ ಹೊರಗೆ ತೆಗೆಯಿರಿ. ತಾಮ್ರದ ಹಂಡೆ, ಹಿತ್ತಾಳೆ ಕೊಡ, ದೀಪದ ಸಮೆ, ಬೀಸುವ ಕಲ್ಲು, ಕೌದಿ, ಅಮ್ಮನ ಇಳಕಲ್ ಸೀರೆ, ಖಣದ ತುಂಡುಗಳು, ಗೋಕಾಕದಿಂದ ಯಾರೋ ತಂದ ಕಟ್ಟಿಗೆಯ ಹಣ್ಣುಗಳು. ನೆಲಕ್ಕೆ ಒಂದು ಬಿಳಿ ಚಾದರ ಹಾಸಿ ಎಲ್ಲ ಜೋಡಿಸಿ, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಆಮೇಲೆ ಎರಡು ಗುಂಪು ಮಾಡಿ: ಇಷ್ಟ ಅಂತ ಇಟ್ಟುಕೊಂಡದ್ದು ಒಂದು, ಎಸೆದರೆ ಯಾರಿಗಾದರೂ ಬೇಜಾರಾದೀತು ಅಂತ ಇಟ್ಟುಕೊಂಡದ್ದು ಇನ್ನೊಂದು. ಎರಡನೆಯ ಗುಂಪಿಗೆ ಕಪಾಟಿನಲ್ಲಿ ಮರ್ಯಾದೆಯ ಜಾಗ ಕೊಡಿ. ಗೋಡೆಯ ಮೇಲೆ ಬೇಡ.

ಮೊದಲ ಗುಂಪಿನ ಫೋಟೋ ನೋಡುತ್ತಾ ಕೂತರೆ ಒಂದೇ ತರಹದ ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಅದರಲ್ಲೂ ಬಟ್ಟೆಗಳನ್ನು ಸರಿಯಾಗಿ ನೋಡಿ. ನಮ್ಮ ಭಾಗದ ನೇಯ್ಗೆ, ಹೊಲಿಗೆ ಒಂದೊಂದೂ ಮನೆಯನ್ನು ಹೇಗೆ ಜೋಡಿಸಬೇಕು ಅನ್ನೋದಕ್ಕೆ ಒಂದೊಂದು ದಾರಿ ತೋರಿಸುತ್ತದೆ.

ಇಳಕಲ್ ಸೀರೆ ತೆಗೆದುಕೊಳ್ಳಿ. ಒಡಲು ಸಾದಾ, ಇಲ್ಲವೇ ಸಣ್ಣ ಚೌಕಳಿ. ಚಂದವೆಲ್ಲ ಅಂಚಿನಲ್ಲಿ ಮತ್ತು ಕೆಂಪು ಬಿಳಿಯ ತೆನೆ ಸೆರಗಿನಲ್ಲಿ. ಒಡಲಿನ ಹಾಸುನೂಲಿಗೆ, ಅಂದರೆ ಮಗ್ಗದ ಉದ್ದಕ್ಕೆ ಹಾಸಿದ ಎಳೆಗಳಿಗೆ, ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುತ್ತಾರೆ, ಅಂದರೆ ಎರಡು ಬೇರೆ ಬಣ್ಣದ ಲೋಕಗಳು ಒಂದು ಗೆರೆಯಲ್ಲಿ ಸೇರುತ್ತವೆ. ನಿಮ್ಮ ಮನಸ್ಸು ಇಲ್ಲಿ ನಿಂತರೆ ಗೋಡೆ ಸಾದಾ ಇರಲಿ, ಸೋಫಾ ಸಾದಾ ಇರಲಿ, ವಿನ್ಯಾಸ ಅಂಚಿಗೆ ಮಾತ್ರ ಬರಲಿ. ಪರದೆಯ ಕೆಳತುದಿಗೆ ಒಂದು ಗಾಢ ಪಟ್ಟಿ, ಗಾದಿಯ ಸುತ್ತ ಒಂದು ಅಂಚು, ಮತ್ತೆ ಇಡೀ ಕೋಣೆಯಲ್ಲಿ ಸೆರಗಿನಂತೆ ಎದ್ದು ಕಾಣುವ ಒಂದೇ ಗೋಡೆ.

ಗುಳೇದಗುಡ್ಡದ ಖಣದ ದಾರಿ ಇದಕ್ಕೆ ಪೂರ್ತಿ ಬೇರೆ. ಸಣ್ಣ ಸಣ್ಣ ಬುಟ್ಟಾ ತುಂಬಿದ ಗಾಢ ಬಣ್ಣದ ಬಟ್ಟೆ, ಕುಪ್ಪಸಕ್ಕೆಂದೇ ನೇಯ್ದದ್ದು, ಸಣ್ಣ ತುಂಡಿನಲ್ಲೇ ಅದರ ಸೊಗಸು. ಹಾಗಾಗಿ ಕುಶನ್ ಕವರ್, ತೋರಣ, ಲ್ಯಾಂಪ್‌ಶೇಡ್, ಚೌಕಟ್ಟು ಹಾಕಿಸಿದ ಒಂದು ತುಂಡು, ಇಷ್ಟಕ್ಕೆ ಅದ್ಭುತವಾಗಿ ಹೊಂದುತ್ತದೆ. ಕಿಟಕಿ ಪೂರ್ತಿ ಖಣದ ಪರದೆ ಹಾಕಿದರೆ ಕಣ್ಣಿಗೆ ಬಿಡುವೇ ಇರುವುದಿಲ್ಲ. ಖಣ ಇಷ್ಟಪಡುವವರು ಗಾಢ ಬಣ್ಣಕ್ಕೆ ಹೆದರಬೇಡಿ, ಅಳತೆ ಸಣ್ಣದಿಡಿ.

ಕೌದಿ ಇಷ್ಟಾನಾ? ಹಾಗಿದ್ದರೆ ಹತ್ತು ಬಣ್ಣ ಒಟ್ಟಿಗೆ ಇದ್ದರೂ ನಿಮಗೆ ಕಿರಿಕಿರಿ ಆಗುವುದಿಲ್ಲ. ಆದರೆ ಕೌದಿಯಲ್ಲಿ ಎಲ್ಲ ತುಂಡುಗಳನ್ನು ಹಿಡಿದಿಡುವುದು ಅದರ ಸಾಲು ಹೊಲಿಗೆ ಅನ್ನೋದು ನೆನಪಿರಲಿ. ಮನೆಯಲ್ಲೂ ಹಾಗೆ ಎಲ್ಲವನ್ನೂ ಹಿಡಿದಿಡುವ ಒಂದು ಸಂಗತಿ ಬೇಕು. ಕಟ್ಟಿಗೆಯ ಸಾಮಾನೆಲ್ಲ ಒಂದೇ ಬಣ್ಣದ್ದಿರಲಿ, ಅಥವಾ ಚೌಕಟ್ಟುಗಳೆಲ್ಲ ಕರಿ ಇರಲಿ. ಅದೊಂದು ಇದ್ದರೆ ಉಳಿದದ್ದು ಹೇಗೆ ಬೆರೆಸಿದರೂ ನಡೆಯುತ್ತದೆ.

ಕಸೂತಿಯ ಕಡೆ ಒಲವಿರುವವರು ಕಡಿಮೆ ವಸ್ತು ಬಯಸುವವರು. ಎಳೆ ಎಣಿಸಿ ಹಾಕುವ ಹೊಲಿಗೆ ಅದು, ಅದರ ಗವಂತಿ ಮತ್ತು ಮುರ್ಗಿ ಅನ್ನೋ ಹೊಲಿಗೆಗಳಲ್ಲಂತೂ ಬಟ್ಟೆಯ ಎರಡೂ ಬದಿ ಒಂದೇ ತರಹ ಕಾಣುತ್ತದೆ, ಗಂಟು ಹಾಕುವುದಿಲ್ಲ. ಇಂಥವರಿಗೆ ಖಾಲಿ ಜಾಗ ಬೇಕು, ಕೆಲಸ ಅಚ್ಚುಕಟ್ಟಾಗಿರಬೇಕು. ಡ್ರಾಯರ್ ಸರಿಯಾಗಿ ಮುಚ್ಚಬೇಕು, ವೈರು ಕಾಣಬಾರದು.

ಒಂದು ಮಾತು. ಅಮ್ಮನ ಸೀರೆಯನ್ನು ಕುಶನ್‌ಗೆಂದು ಕತ್ತರಿಸುವ ಮೊದಲು ಅವರನ್ನು ಕೇಳಿ. ಗೋಡೆಗೆ ಹಾಕುವುದಾದರೆ ನೇರ ಬಿಸಿಲು ಬೀಳದ ಕಡೆ ಹಾಕಿ. ಮಡಚಿಟ್ಟ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ, ಕೆಲವು ತಿಂಗಳಿಗೊಮ್ಮೆ ಬೇರೆ ಮಡಿಕೆ ಹಾಕಿಡಿ.

ಬೆಳಕು ನೋಡದೆ ಬಣ್ಣ ಆರಿಸಬೇಡಿ

ಬಾಗಲಕೋಟೆ, ವಿಜಯಪುರದಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತದೆ. ಇಲ್ಲಿ ಹೊಳೆಯುವ ಬಿಳಿ ಗೋಡೆ, ಹೊಳೆಯುವ ಟೈಲ್ಸ್ ಎರಡೂ ಕೂಡಿದರೆ ಹಗಲೆಲ್ಲ ಪರದೆ ಎಳೆದೇ ಕೂರಬೇಕಾಗುತ್ತದೆ. ನಮ್ಮ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ ಇಟ್ಟದ್ದು ಸುಮ್ನೆ ಅಲ್ಲ. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ಸಮಾಧಿ ಕಟ್ಟಡವಾದ ಇಬ್ರಾಹಿಂ ರೋಜಾಕ್ಕೆ ಹೋದರೆ ಕಿಟಕಿಗಳನ್ನು ನಿಂತು ನೋಡಿ. ಕಲ್ಲಿನಲ್ಲಿ ಅರಬ್ಬೀ ಅಕ್ಷರಗಳನ್ನೇ ಜಾಲಿಯಾಗಿ ಕೊರೆದಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿಯಿಂದ ತುಂಡು ತುಂಡಾಗಿ ಒಳಗೆ ಬರುತ್ತದೆ. ಬಿಸಿಲನ್ನು ಮುಚ್ಚದೆ ಅದನ್ನು ಒಡೆದು ಒಳಗೆ ಬಿಡುವ ಉಪಾಯ ಅದು. ನಿಮ್ಮ ಪಶ್ಚಿಮದ ಕಿಟಕಿಗೆ ಬಿದಿರು ಕಡ್ಡಿಯ ಚಿಕ್ ಪರದೆ, ತೆಳು ಖಾದಿ ಪರದೆ, ಹೊಸದಾಗಿ ಕಟ್ಟಿಸುವವರಾದರೆ ಮಣ್ಣಿನ ಜಾಲಿ ಇಟ್ಟಿಗೆ, ಇವೆಲ್ಲ ಅದೇ ಕೆಲಸ ಮಾಡುತ್ತವೆ. ಗೋಡೆಗೆ ಹೊಳಪಿಲ್ಲದ ಬಣ್ಣ ಹಾಕಿಸಿ. ಜೋಳದ ಕಣಿಕೆಯ ಬಣ್ಣ, ಬದಾಮಿ ಕಲ್ಲಿನ ತಿಳಿ ಕೆಂಪು ಇಲ್ಲಿಯ ಬೆಳಕಿಗೆ ಬಹಳ ಹೊಂದುತ್ತವೆ, ಧೂಳೂ ಬೇಗ ಎದ್ದು ಕಾಣುವುದಿಲ್ಲ.

ಬೆಳಗಾವಿ, ಅದರಲ್ಲೂ ಖಾನಾಪುರದ ಕಡೆ ಮಾತೇ ಬೇರೆ. ಮಳೆಗಾಲ ಹಿಡಿದರೆ ವಾರಗಟ್ಟಲೆ ಮೋಡ. ಅಲ್ಲಿ ಬೂದು ಗೋಡೆ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ತಿಳಿ, ಬೆಚ್ಚನೆಯ ಬಣ್ಣ ಬೇಕು. ಕಪಾಟನ್ನು ಗೋಡೆಯಿಂದ ಎರಡು ಇಂಚು ದೂರ ಇಡಿ, ಗಾಳಿ ಆಡದಿದ್ದರೆ ಹಿಂಬದಿ ಬೂಸು ಹಿಡಿಯುತ್ತದೆ. ದಪ್ಪ ಪರದೆ, ದಪ್ಪ ಜಮಖಾನವನ್ನು ದೀಪಾವಳಿಯ ಹೊತ್ತಿಗೆ ಹೊರಗೆ ತೆಗೆದರೆ ಸಾಕು. ಖಾನಾಪುರದ ಮಣ್ಣಿನ ಕುಂಡ, ಮಡಕೆಗಳು ಮಾತ್ರ ವರ್ಷಪೂರ್ತಿ ಚೆಂದ.

ಬಣ್ಣದ ಶೇಡ್ ಕಾರ್ಡಿನ ಸಣ್ಣ ಚೌಕ ನೋಡಿ ತೀರ್ಮಾನ ಬೇಡ. ಸಣ್ಣ ಡಬ್ಬಿ ತಂದು, ಎರಡು ಅಡಿ ಉದ್ದ ಅಗಲದ ರಟ್ಟಿಗೆ ಎರಡು ಕೋಟ್ ಹಚ್ಚಿ, ಬೇರೆ ಬೇರೆ ಗೋಡೆಗೆ ಒರಗಿಸಿ ಮುಂಜಾನೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ಅದಕ್ಕೂ ಮೊದಲು ಬಲ್ಬ್ ಬದಲಿಸಿ ನೋಡಿ. ಎಲ್‌ಇಡಿ ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕ ಬರೆದಿರುತ್ತದೆ. 6500 ಅಂದರೆ ನೀಲಿ ಛಾಯೆಯ ಬಿಳಿ, 2700ರಿಂದ 3000 ಅಂದರೆ ಹಳದಿ. 6500ರ ಟ್ಯೂಬ್ ಕೆಳಗೆ ಕೆಂಪು, ಕಂದು, ತಾಮ್ರದ ಬಣ್ಣಗಳು ಸಪ್ಪೆಯಾಗುತ್ತವೆ. ಎಷ್ಟೋ ಮನೆಗಳಿಗೆ ಪೇಂಟ್ ಬೇಕಿಲ್ಲ, ಪಡಸಾಲೆಗೆ ಎರಡು ಹಳದಿ ಬಲ್ಬ್ ಸಾಕು.

ಮೊಬೈಲಿನ ಫೋಟೋಗಳು, ಮನೆಯವರು

ಆ ಫೋಟೋಗಳನ್ನು ಅಳಿಸಬೇಡಿ, ಕೆಲಸಕ್ಕೆ ಬರುತ್ತವೆ. ಒಂದೊಂದರ ಕೆಳಗೂ ನಿಮಗೆ ಇಷ್ಟವಾದದ್ದು ನಿಖರವಾಗಿ ಏನು ಅಂತ ಬರೆಯಿರಿ. ಸಾಮಾನ್ಯವಾಗಿ ಇಷ್ಟವಾದದ್ದು ಕೋಣೆಯ ದೊಡ್ಡತನ ಅಥವಾ ಕಿಟಕಿಯ ಹೊರಗಿನ ಗಿಡ ಆಗಿರುತ್ತದೆ. ಸೋಫಾ ಅಲ್ಲ.

ಮನೆ ಅಂದಮೇಲೆ ಒಬ್ಬರದ್ದೇ ರುಚಿ ನಡೆಯುವುದಿಲ್ಲ, ನಡೆಯಲೂ ಬಾರದು. ದೇವರ ಜಗುಲಿ ಹಿರಿಯರಿಗೆ ಬಿಡಿ. ಪಡಸಾಲೆಯ ವಸ್ತು ಅಂದರೆ ಕೇಳಿಯೇ ಇಡಿ.

"ಅತ್ತಿ, ಈ ಹಂಡೆ ಪಡಸಾಲ್ಯಾಗ ಇಡೋಣೇನ್ರಿ?"

"ಇಡವಾ, ಯಾರು ಬ್ಯಾಡ ಅಂತಾರ. ಹುಣಸಿಹಣ್ಣ ಹಚ್ಚಿ ತಿಕ್ಕೋರು ಯಾರು, ಅದನ್ನ ಮದಲ ಹೇಳು."

ಈ ಪ್ರಶ್ನೆ ಬಹಳ ಸರಿಯಾದದ್ದು. ಒಂದು ವಸ್ತುವನ್ನು ನೋಡಿಕೊಳ್ಳುವ ಕೆಲಸವನ್ನು ಯಾರು ಮಾಡುತ್ತಾರೆ ಅನ್ನೋದು ಇತ್ಯರ್ಥ ಆಗದಿದ್ದರೆ ಅದನ್ನು ಹೊರಗೆ ಇಡಬೇಡಿ. ತಿಕ್ಕಲು ಪುರುಸೊತ್ತಿಲ್ಲ ಅಂದರೆ ಹಂಡೆಯ ಬದಲು ಬೀಸುವ ಕಲ್ಲು ಇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಒಂದು ಮೂಲೆಯಿಂದ ಶುರು ಮಾಡಿ

ಇಷ್ಟೆಲ್ಲ ತಿಳಿದ ಮೇಲೂ ಇಡೀ ಮನೆಗೆ ಕೈ ಹಾಕಬೇಡಿ. ಜಾಸ್ತಿ ಬಳಸುವ ಒಂದು ಮೂಲೆ ಆರಿಸಿ. ಹೊಸ ಗಾದಿ, ಮೇಜು ಎಲ್ಲಿ ಬರುತ್ತದೆ ಅನ್ನೋದನ್ನು ನೆಲದ ಮೇಲೆ ಪೇಂಟರ್ ಬಳಸುವ ಕಾಗದದ ಟೇಪ್ ಅಂಟಿಸಿ ಗುರುತು ಮಾಡಿ, ಎರಡು ಮೂರು ದಿನ ಅದರ ಸುತ್ತ ಓಡಾಡಿ. ನಡೆಯಲು ಎರಡೂವರೆಯಿಂದ ಮೂರು ಅಡಿ ದಾರಿ ಉಳಿಯಬೇಕು. ಪರದೆಯ ಬಟ್ಟೆ ಕಿಟಕಿಯ ಅಗಲದ ಎರಡರಷ್ಟು ಇರಲಿ, ರಾಡನ್ನು ಚೌಕಟ್ಟಿಗಿಂತ ನಾಲ್ಕಾರು ಇಂಚು ಮೇಲೆ ಹಾಕಿಸಿ, ಕಿಟಕಿ ದೊಡ್ಡದಾಗಿ ಕಾಣುತ್ತದೆ. ಬಣ್ಣದ ಲೆಕ್ಕಕ್ಕೆ ಒಂದು ಹಳೇ ಅಳತೆ ಇದೆ: 60 ಪಾಲು ಗೋಡೆಯ ಬಣ್ಣ, 30 ಪಾಲು ಎರಡನೆಯ ಬಣ್ಣ, 10 ಪಾಲು ಎದ್ದು ಕಾಣುವ ಬಣ್ಣ. ಖಣದ ಕುಶನ್ ಆ ಹತ್ತರಲ್ಲಿ ಬರುತ್ತದೆ.

ಹಳೇ ಬಾಗಿಲು, ಕಂಬ ಇದ್ದವರು ನಿಜಕ್ಕೂ ಪುಣ್ಯವಂತರು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದ ಕುಟುಂಬಗಳಿಗೆ ಅಂಥ ಒಂದು ಬಾಗಿಲು ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಿಲ್ಲ. ಅಂಥದ್ದನ್ನು ದಯವಿಟ್ಟು ಗುಜರಿಗೆ ಕೊಡಬೇಡಿ. ಗೆದ್ದಲು ಇದೆಯಾ ಅಂತ ಬಡಗಿಯಿಂದ ತಟ್ಟಿ ನೋಡಿಸಿ, ಪಾಲಿಶ್ ಜಾಸ್ತಿ ಉಜ್ಜಿಸದೆ ಎಣ್ಣೆ ಹಚ್ಚಿಸಿ, ಮೇಲೆ ಗಾಜು ಇಟ್ಟರೆ ಊಟದ ಮೇಜು ಆಗುತ್ತದೆ.

ಆ ಮೂಲೆಯಲ್ಲಿ ಕೆಲವು ವಾರ ಕೂತು ಎದ್ದು ಹಿತ ಅನ್ನಿಸಿದ ಮೇಲೆ ಖರೀದಿಗೆ ಹೊರಡಿ. ಖಣ ಬೇಕಾದರೆ ಗುಳೇದಗುಡ್ಡಕ್ಕೆ, ಸೀರೆ ಬೇಕಾದರೆ ಇಳಕಲ್ಲಿಗೆ ಹೋಗಿ ನೇಕಾರರ ಹತ್ತಿರವೇ ಕೇಳಿ, ಜಮಖಾನಕ್ಕೆ ನವಲಗುಂದ ಇದೆ. ಬೇಕಾದ್ದರ ಪಟ್ಟಿಯ ಜತೆ ಬೇಡವಾದ್ದರ ಪಟ್ಟಿಯನ್ನೂ ಬರೆದುಕೊಂಡು ಹೋಗಿ. ಪರ್ಸಿನಲ್ಲಿ ನಿಮ್ಮ ಕುಶನ್ನಿನ ಬಟ್ಟೆಯ ಒಂದು ತುಂಡು, ಬಣ್ಣ ಹಚ್ಚಿದ ರಟ್ಟಿನ ಒಂದು ಚೂರು ಇರಲಿ. ಯಾವ ಬಟ್ಟೆ ಆರಿಸಿದರೂ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಒಪ್ಪಿಕೊಳ್ಳಬೇಡಿ, ಬಾಗಿಲಾಚೆ ಹಗಲು ಬೆಳಕಿಗೆ ತಂದು ಹೋಲಿಸಿ ನೋಡಿ.