ಗುಂಡಗಾದ ಪಗ್, ಏದುಸಿರಿನ ಪಾಮ್: ಪುಟ್ಟ ನಾಯಿಯ ತೂಕ ಇಳಿಸುವುದು ಹೇಗೆ?

ಕಾಯಿ ಹೆರೆಯುವ ಸದ್ದು ಕೇಳಿದರೆ ಸಾಕು, ಹೆರೆಮಣೆಯ ಪಕ್ಕ ಬಂದು ಕೂರುವ ನಾಯಿಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಹತ್ತು ಗ್ರಾಂ ಹಸಿ ತೆಂಗಿನಕಾಯಿ, ಅಂದರೆ ಬಾಯಿಗೆ ಹಾಕಿದರೆ ಎರಡು ಸಲ ಅಗಿಯುವಷ್ಟು ಚೂರು, ಸುಮಾರು 35 ಕ್ಯಾಲೊರಿ. ಬೆಳಗಿನ ಚಹಾದ ಹೊತ್ತಿಗೆ ಎರಡು ಮಾರಿ ಬಿಸ್ಕಿಟ್ ಅಂದರೆ 50. ರಾತ್ರಿ ತಟ್ಟೆಯಿಂದ ಅರ್ಧ ಚಪಾತಿ, ಮತ್ತೊಂದು 50. ಒಟ್ಟು 135. ಏಳು ಕಿಲೋ ಇರಬೇಕಾದ ಪಾಮ್ (ನಮ್ಮಲ್ಲಿ ಪೊಮೆರೇನಿಯನ್ ಎಂದು ಕರೆಯುವ ನಾಯಿ) ತೂಕ ಇಳಿಸಬೇಕಾದರೆ ಇಡೀ ದಿನಕ್ಕೆ ಅದಕ್ಕೆ ಸಿಗಬೇಕಾದದ್ದು ಸುಮಾರು 300 ಕ್ಯಾಲೊರಿ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬಟ್ಟಲಿಗೆ ಬೀಳುವ ಮೊದಲೇ ಮುಗಿದಿದೆ. ‘ನಮ್ಮದು ಏನೂ ತಿನ್ನುವುದಿಲ್ಲ, ಆದರೂ ದಪ್ಪ ಆಗ್ತದೆ’ ಎನ್ನುವ ಮನೆಗಳ ಲೆಕ್ಕ ತಪ್ಪುವುದು ಇಲ್ಲಿ. ಬಟ್ಟಲನ್ನು ಎಲ್ಲರೂ ನೋಡುತ್ತಾರೆ, ಕೊಡುವ ಕೈಗಳನ್ನು ಯಾರೂ ಎಣಿಸುವುದಿಲ್ಲ.

ದಪ್ಪ ನಾಯಿ ನೋಡಲು ಚಂದ ಎನ್ನುವ ಮಾತು ಬೇರೆ. 48 ಲ್ಯಾಬ್ರಡಾರ್‌ಗಳ ಮೇಲೆ ಅಮೆರಿಕದಲ್ಲಿ ಪ್ಯೂರಿನಾ ಕಂಪನಿ 14 ವರ್ಷ ನಡೆಸಿದ ಅಧ್ಯಯನದಲ್ಲಿ (2002ರಲ್ಲಿ ಪ್ರಕಟ), ಶೇ 25ರಷ್ಟು ಕಡಿಮೆ ತಿಂದು ತೆಳ್ಳಗಿದ್ದ ನಾಯಿಗಳು ಜೊತೆಯವಕ್ಕಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಸಂಧಿವಾತವೂ ಅವಕ್ಕೆ ತಡವಾಗಿ ಬಂತು.

ಮೊದಲು ಕೈಯಿಂದ ನೋಡಿ

ತಕ್ಕಡಿಗೆ ಮೊದಲು ಬೆರಳು. ನಿಮ್ಮ ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಬೆರಳುಗಳ ಬುಡದ ಮೇಲ್ಭಾಗವನ್ನು ಇನ್ನೊಂದು ಕೈಯಿಂದ ಸವರಿ: ಮೂಳೆ ಸಿಗುತ್ತದೆ, ಮೇಲೆ ತೆಳು ಹೊದಿಕೆ ಇದೆ. ಸರಿಯಾದ ತೂಕದ ನಾಯಿಯ ಪಕ್ಕೆಲುಬು ಹೀಗೆ ಸಿಗಬೇಕು. ಮುಷ್ಟಿ ಬಿಗಿದಾಗ ಎದ್ದು ಕಾಣುವ ಗೆಣ್ಣಿನಂತೆ ಸಿಕ್ಕಿದರೆ ನಾಯಿ ಸಣಕಲು. ಅಂಗೈ ಮಗುಚಿ ಮಾಂಸದ ಕಡೆಯನ್ನು ಒತ್ತಿದಂತೆ ಇದ್ದರೆ, ಅಂದರೆ ಮೂಳೆ ಹುಡುಕಬೇಕಾಗಿ ಬಂದರೆ, ಬೊಜ್ಜು. ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ಸೊಂಟ ಒಳಗೆ ಸರಿದಿರಬೇಕು, ಬದಿಯಿಂದ ನೋಡಿದಾಗ ಹೊಟ್ಟೆ ಹಿಂದಕ್ಕೆ ಮೇಲೇರಿರಬೇಕು. ಪಾಮ್, ಶಿಹ್ ತ್ಸುಗಳ ಕೂದಲು ಇದನ್ನೆಲ್ಲ ಮುಚ್ಚಿಡುತ್ತದೆ. ಸ್ನಾನ ಮಾಡಿಸಿ ಒದ್ದೆ ಇರುವಾಗ ನೋಡಿ.

ಪಶುವೈದ್ಯರು ಇದಕ್ಕೆ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ. 4–5 ಸರಿ. ಐದರ ಮೇಲಿನ ಒಂದೊಂದು ಅಂಕವೂ ಶೇ 10ರಷ್ಟು ಹೆಚ್ಚುವರಿ ತೂಕ ಎಂದು ಸ್ಥೂಲವಾಗಿ ಹಿಡಿಯಬಹುದು. 9 ಕಿಲೋದ ಪಾಮ್‌ಗೆ 8 ಅಂಕ ಬಂತೆನ್ನಿ: ಶೇ 30 ಹೆಚ್ಚು. 9ನ್ನು 1.3ರಿಂದ ಭಾಗಿಸಿದರೆ ಸುಮಾರು 7. ಗುರಿ ಏಳು ಕಿಲೋ.

ಒಂದು ಎಚ್ಚರಿಕೆ. ಬೆನ್ನು, ಪಕ್ಕೆಲುಬು ಎದ್ದು ಕಾಣುತ್ತಿದ್ದು ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಅದು ಬೊಜ್ಜಲ್ಲ. ಹೊಟ್ಟೆಯಲ್ಲಿ ನೀರು, ಗರ್ಭಕೋಶದ ಕೀವು, ಹಾರ್ಮೋನು ಏರುಪೇರಿನ ಕುಶಿಂಗ್ ಕಾಯಿಲೆ, ಏನೂ ಇರಬಹುದು. ಕೂದಲು ಉದುರುವುದು, ವಿಪರೀತ ನೀರು ಕುಡಿಯುವುದು, ದಿನವಿಡೀ ಮಂಕಾಗಿ ಮಲಗುವುದು ಇದ್ದರೆ ಥೈರಾಯ್ಡ್ ಮತ್ತು ರಕ್ತಪರೀಕ್ಷೆ ಮಾಡಿಸದೆ ಊಟ ಕಡಿಮೆ ಮಾಡಬೇಡಿ. ನಮ್ಮ ಸೆಕೆಯಲ್ಲಿ ಚರ್ಮದ ತುರಿಕೆಗೆಂದು ನಾಯಿಗಳಿಗೆ ಸ್ಟಿರಾಯ್ಡ್ ಸಿಗುವುದು ಸಾಮಾನ್ಯ. ಅದು ಹಸಿವು ಕೆರಳಿಸುತ್ತದೆ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಕೂಡ ಹಾಗೆಯೇ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ನೆನಪಿಸಿ.

ತೂಗುವುದು

ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ಬಳಿಕ ಒಬ್ಬರೇ ನಿಂತು ಕಳೆಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ತೊಂದರೆ ಎಂದರೆ ಇಂಥ ಹೆಚ್ಚಿನ ಯಂತ್ರಗಳು 100 ಗ್ರಾಂಗಿಂತ ಸಣ್ಣ ವ್ಯತ್ಯಾಸ ತೋರಿಸುವುದಿಲ್ಲ, ನಿಂತ ಭಂಗಿ ಬದಲಾದರೆ ಇನ್ನೂ ನೂರಿನ್ನೂರು ಗ್ರಾಂ ಆಚೀಚೆ. ನಿಮ್ಮ ನಾಯಿ ವಾರಕ್ಕೆ ಇಳಿಯಬೇಕಾದದ್ದೇ ಅಷ್ಟು. ಹಾಗಾಗಿ ಕ್ಲಿನಿಕ್ಕಿನ ಯಂತ್ರದಲ್ಲಿ ತೂಗುವುದು ಒಳ್ಳೆಯದು. ಪರಿಚಯದ ಗುಜರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೂ ಆದೀತು, ನಾಚಿಕೆ ಬೇಡ. ಎರಡು ವಾರಕ್ಕೊಮ್ಮೆ, ಒಂದೇ ಯಂತ್ರ, ಬೆಳಿಗ್ಗೆ ತಿಂಡಿಗೆ ಮೊದಲು. ದಿನಾ ತೂಗಿದರೆ ಕುಡಿದ ನೀರಿನ ತೂಕ ನೋಡಿ ತಲೆ ಕೆಡಿಸಿಕೊಳ್ಳುವುದಷ್ಟೇ.

ಇಳಿಕೆಯ ವೇಗ ವಾರಕ್ಕೆ ದೇಹತೂಕದ ಶೇ 1ರಿಂದ 2. ಒಂಬತ್ತು ಕಿಲೋಗೆ 90ರಿಂದ 180 ಗ್ರಾಂ. ಎರಡು ಕಿಲೋ ಇಳಿಯಲು ಮೂರರಿಂದ ಐದಾರು ತಿಂಗಳು. ಇದಕ್ಕಿಂತ ವೇಗವಾದರೆ ಬೊಜ್ಜಿನ ಜೊತೆ ಸ್ನಾಯುವೂ ಕರಗುತ್ತದೆ.

ಕ್ಯಾಲೊರಿ ಲೆಕ್ಕ, ಮೊಬೈಲಿನಲ್ಲೇ

ಗುರಿ ತೂಕವನ್ನು (ಈಗಿನ ತೂಕವನ್ನಲ್ಲ) ಅದರಿಂದಲೇ ಮೂರು ಸಲ ಬರುವಂತೆ ಗುಣಿಸಿ: 7×7×7 = 343. ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ: 18.5, ಆಮೇಲೆ 4.3. ಇದನ್ನು 70ರಿಂದ ಗುಣಿಸಿದರೆ 301. ದಿನಕ್ಕೆ 300 ಕ್ಯಾಲೊರಿ ಎಂದು ಆರಂಭಿಸಿ. ಎಂಟೂವರೆ ಕಿಲೋ ಇರಬೇಕಾದ ಪಗ್‌ಗೆ ಹೀಗೆ ಸುಮಾರು 350 ಬರುತ್ತದೆ, ಐದು ಕಿಲೋದ ನಾಯಿಗೆ 235.

ಇದರಲ್ಲಿ ಹತ್ತನೇ ಒಂದು ಭಾಗ, ಅಂದರೆ 30 ಕ್ಯಾಲೊರಿ, ಚಿಲ್ಲರೆ ತಿನಿಸಿಗೆ. ಉಳಿದ 270 ಊಟ. ಒಣ ಡಾಗ್ ಫುಡ್ ಚೀಲದ ಹಿಂದೆ 100 ಗ್ರಾಂಗೆ 360 ಕ್ಯಾಲೊರಿ ಎಂದು ಬರೆದಿದ್ದರೆ ದಿನಕ್ಕೆ 75 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ತೂಗಿ. ಲೋಟದಿಂದ ಅಳೆಯುವಾಗ ಹತ್ತು ಗ್ರಾಂ ಹೆಚ್ಚು ಬೀಳುವುದು ಏನೇನೂ ಅಲ್ಲ, ಆದರೆ ಇಷ್ಟು ಸಣ್ಣ ನಾಯಿಗೆ ಅದು ಶೇ 13 ಹೆಚ್ಚುವರಿ ಊಟ. ದೊಡ್ಡ ನಾಯಿಯಲ್ಲಿ ಮುಚ್ಚಿಹೋಗುವ ತಪ್ಪು ಪಗ್‌ನಲ್ಲಿ ಮುಚ್ಚಿಹೋಗುವುದಿಲ್ಲ.

ಈಗಿನ ಆಹಾರವನ್ನೇ ಅರ್ಧ ಮಾಡಿ ಹಾಕುವುದು ಬಹಳ ಮಂದಿ ಮಾಡುವ ಕೆಲಸ. ಕ್ಯಾಲೊರಿಯ ಜೊತೆ ಪ್ರೊಟೀನು, ವಿಟಮಿನ್ನು, ಖನಿಜಗಳೂ ಅರ್ಧವಾಗುತ್ತವೆ, ನಾಯಿ ಹಸಿದು ಕಸದ ಬುಟ್ಟಿಗೆ ಮುಖ ಹಾಕುತ್ತದೆ. ತೂಕ ಇಳಿಸಲೆಂದೇ ಬರುವ ಆಹಾರದಲ್ಲಿ ಪ್ರೊಟೀನು, ನಾರು ಹೆಚ್ಚು, ಕೊಬ್ಬು ಕಡಿಮೆ. ದುಬಾರಿ ಹೌದು, ಆದರೆ ಪುಟ್ಟ ನಾಯಿಗೆ ಬೇಕಾಗುವ ಪ್ರಮಾಣವೂ ಪುಟ್ಟದು. ಹಳೆಯದರ ಜೊತೆ ಬೆರೆಸುತ್ತಾ ಏಳರಿಂದ ಹತ್ತು ದಿನದಲ್ಲಿ ಬದಲಿಸಿ. ಒಮ್ಮೆಗೇ ಬದಲಿಸಿದರೆ ಭೇದಿ.

ಮನೆಯಡುಗೆಯೇ ಆಗಬೇಕು ಎನ್ನುವವರಿಗೆ ಅದೇ ಏಳು ಕಿಲೋ ಗುರಿಯ ನಾಯಿಯ ಒಂದು ದಿನದ ಲೆಕ್ಕ: ಚರ್ಮ, ಮೂಳೆ ತೆಗೆದು ಬರೀ ನೀರಿನಲ್ಲಿ ಬೇಯಿಸಿದ ಕೋಳಿಯ ಎದೆಮಾಂಸ 100 ಗ್ರಾಂ, ಬೆಂದ ಕುಚ್ಚಲಕ್ಕಿ ಅನ್ನ 60 ಗ್ರಾಂ, ಬೇಯಿಸಿದ ಅಲಸಂಡೆ ಅಥವಾ ಸಿಹಿಗುಂಬಳ 100 ಗ್ರಾಂ. ಎಲ್ಲವನ್ನೂ ಬೆಂದ ಮೇಲೆ ತೂಗಬೇಕು. ಅನ್ನ ಇಷ್ಟು ಕಡಿಮೆಯೇ ಎಂದು ಕೇಳಬೇಡಿ. ಗಂಜಿ ಊಟದ ನಾಡಿನಲ್ಲಿ ನಾಯಿ ದಪ್ಪಗಾಗುವುದಕ್ಕೆ ಬಟ್ಟಲು ತುಂಬ ಅನ್ನವೂ ಒಂದು ಕಾರಣ. ಆದರೆ ಈ ಊಟದಲ್ಲಿ ಕ್ಯಾಲ್ಸಿಯಂ, ಅಯೋಡಿನ್, ಸತು ಸಾಲದು. ತಿಂಗಳುಗಟ್ಟಲೆ ಕೊಡುವುದಾದರೆ ಯಾವ ಪುಡಿ, ಎಷ್ಟು ಗ್ರಾಂ ಎಂದು ಪಶುವೈದ್ಯರಿಂದ ಬರೆಸಿಕೊಳ್ಳಿ. ಮನೆಯಲ್ಲಿರುವ ಕ್ಯಾಲ್ಸಿಯಂ ಮಾತ್ರೆಯನ್ನು ಅಂದಾಜಿನಲ್ಲಿ ಪುಡಿಮಾಡಿ ಹಾಕಬೇಡಿ.

ಒಂದು ಡಬ್ಬಿ, ಒಂದು ದಿನ

ಬೆಳಿಗ್ಗೆ ಇಡೀ ದಿನದ ಆಹಾರವನ್ನು ತೂಗಿ ಒಂದು ಡಬ್ಬಿಗೆ ಹಾಕಿ (ಮನೆಯಡುಗೆಯಾದರೆ ಡಬ್ಬಿ ಫ್ರಿಜ್ಜಿನಲ್ಲಿ). ಅಜ್ಜಿ ಕೊಡಲಿ, ಮಕ್ಕಳು ಕೊಡಲಿ, ಕೆಲಸಕ್ಕೆ ಬರುವವರು ಕೊಡಲಿ, ಆ ಡಬ್ಬಿಯಿಂದಲೇ. ಖಾಲಿಯಾದರೆ ಆ ದಿನದ್ದು ಮುಗಿಯಿತು. ‘ಕೊಡಬೇಡಿ’ ಎಂದು ಅಜ್ಜಿಗೆ ಹೇಳಿ ಗೆದ್ದವರಿಲ್ಲ. ‘ಇದರಿಂದ ಕೊಡಿ’ ಎಂದರೆ ಕೇಳುತ್ತಾರೆ. ಪಕ್ಕದ ಮನೆಯವರಿಗೂ ಹೇಳಿಡಿ. ಗೇಟಿನ ಸಂದಿಯಿಂದ ಬರುವ ಬನ್ಸ್, ಗೋಳಿಬಜೆಗಳ ಎಣ್ಣೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಊಟವನ್ನು ಎರಡು ಅಥವಾ ಮೂರು ಹೊತ್ತಿಗೆ ಹಂಚಿ. ಬೆಳಿಗ್ಗೆ ಹಳದಿ ನೊರೆ ವಾಂತಿ ಮಾಡುವ ನಾಯಿಗೆ ರಾತ್ರಿ ಮಲಗುವ ಮೊದಲು ಒಂದು ಪಾಲು ಇರಲಿ. ಹೊಟ್ಟೆ ಬಹಳ ಹೊತ್ತು ಖಾಲಿ ಬಿದ್ದಾಗ ಪಿತ್ತ ಏರುತ್ತದೆ. ಉಪವಾಸ ಹಾಕಲೇಬಾರದು, ತೀರಾ ಸಣ್ಣ ತಳಿಗಳಲ್ಲಿ ರಕ್ತದ ಸಕ್ಕರೆ ಕುಸಿಯಬಹುದು.

ಚಿಲ್ಲರೆಗೆ ಮುಳ್ಳುಸೌತೆ ಚೂರು ಎಲ್ಲಕ್ಕಿಂತ ಒಳ್ಳೆಯದು: 100 ಗ್ರಾಂಗೆ 15 ಕ್ಯಾಲೊರಿ, ಕಚ್ಚಿದರೆ ಕರಕರ ಎನ್ನುತ್ತದೆ, ನಾಯಿಗೆ ಬೇಕಾದದ್ದು ಬಹುಪಾಲು ಆ ಸದ್ದು. ಕ್ಯಾರೆಟ್ ಆದೀತು. ಕೊಡಲೇಬಾರದ್ದು: ಗಸಿ, ಸಾರು ಕಲಸಿದ ಅನ್ನ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತವೆ, ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್‌ನ ಕ್ಸೈಲಿಟಾಲ್ ವಿಷ. ಹಂದಿಮಾಂಸದ ಕೊಬ್ಬು, ಕೋಳಿಯ ಚರ್ಮ ಒಮ್ಮೆಗೇ ಹೆಚ್ಚು ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಬೇಕಾದೀತು. ಹಬ್ಬದ ಮರುದಿನ ವಾಂತಿ ಮಾಡಿ ಬೆನ್ನು ಬಾಗಿಸಿ ನಿಂತ ನಾಯಿಯನ್ನು ‘ಅಜೀರ್ಣ’ ಎಂದು ಬಿಡಬೇಡಿ. ಬೇಸಿಗೆಯಲ್ಲಿ ಅಂಗಳದಲ್ಲಿ ಕೊಬ್ಬರಿ ಒಣಗಲು ಹಾಕಿದ ಮನೆಯವರು ನಾಯಿಯನ್ನು ಕಟ್ಟಿಹಾಕಲಿ. ಮೀನು ಕೊಯ್ಯುವಾಗಲೂ ಅಷ್ಟೆ: ಬೂತಾಯಿ ಕೊಬ್ಬಿನ ಮೀನು, ತಲೆಗಳು ಲೆಕ್ಕಕ್ಕೆ ಬರುತ್ತವೆ.

ನಡಿಗೆ

ನಡಿಗೆಯಿಂದಲೇ ತೂಕ ಇಳಿಸುತ್ತೇನೆಂದು ಹೊರಡಬೇಡಿ. ಈ ಗಾತ್ರದ ನಾಯಿ ಒಂದು ಕಿಲೋಮೀಟರ್ ನಡೆದರೆ ಕರಗುವುದು ಅಂದಾಜು ಹತ್ತು ಹದಿನೈದು ಕ್ಯಾಲೊರಿ. ಒಂದು ಮಾರಿ ಬಿಸ್ಕಿಟ್ ತೀರಿಸಲು ಎರಡು ಕಿಲೋಮೀಟರ್. ನಡಿಗೆ ಬೇಕಿರುವುದು ಸ್ನಾಯು ಉಳಿಯಲು, ಕೀಲು ಆಡಲು.

ನಾಯಿ ಬೆವರಿ ತಣಿಯುವ ಪ್ರಾಣಿಯಲ್ಲ, ಏದುಸಿರಿನಲ್ಲಿ ನೀರು ಆರಿಸಿ ತಣಿಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಆ ನೀರು ಬೇಗ ಆರುವುದಿಲ್ಲ. ಮೂಗು ಚಪ್ಪಟೆಯಾದ ಪಗ್‌ಗೆ ಇದು ಎರಡು ಪಟ್ಟು ಕಷ್ಟ, ಬೊಜ್ಜಿದ್ದರೆ ಇನ್ನೂ ಕಷ್ಟ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಏಳರೊಳಗೆ, ಸಂಜೆ ಕತ್ತಲಾದ ಮೇಲೆ. ಇಂಟರ್‌ಲಾಕ್ ಅಥವಾ ಡಾಂಬರಿನ ಮೇಲೆ ಅಂಗೈಯ ಹಿಂಭಾಗವನ್ನು ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಮೊದಲ ವಾರ ಹತ್ತು ನಿಮಿಷ, ದಿನಕ್ಕೆರಡು ಸಲ. ವಾರಕ್ಕೆ ಐದೈದು ನಿಮಿಷ ಏರಿಸಿ ಅರ್ಧ ಗಂಟೆಗೆ ತನ್ನಿ. ಒಸಡು ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ಕಾಲು ತೊಡರಿದರೆ ಅದು ಬಿಸಿಲಾಘಾತ. ಮಂಜುಗಡ್ಡೆ ಬೇಡ. ನಲ್ಲಿ ನೀರು ಸುರಿದು, ಫ್ಯಾನ್ ಹಾಕಿ, ಒದ್ದೆ ಮೈಯಲ್ಲೇ ಆಸ್ಪತ್ರೆಗೆ ಒಯ್ಯಿರಿ.

ಪಾಮ್‌ಗೆ ಕುತ್ತಿಗೆಯ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ. ಈ ತಳಿಯ ಶ್ವಾಸನಾಳ ಎಳೆದರೆ ಚಪ್ಪಟೆಯಾಗುವಂಥದ್ದು. ಡ್ಯಾಶ್‌ಹಂಡ್‌ಗೆ ಮೆಟ್ಟಿಲು, ಸೋಫಾದಿಂದ ಜಿಗಿತ ನಿಷಿದ್ಧ, ಬೆನ್ನುಹುರಿಯ ಡಿಸ್ಕ್ ಜಾರುತ್ತದೆ. ಪಣಂಬೂರು, ಮಲ್ಪೆಯ ಕಡೆಯವರು ಮೆತ್ತನೆ ಮರಳಿನಲ್ಲಿ ದೂರ ನಡೆಸಬೇಡಿ, ನೀರಂಚಿನ ಗಟ್ಟಿ ಮರಳು ಸಾಕು. ಕುಡಿಯುವ ನೀರು ಜೊತೆಗಿರಲಿ, ಇಲ್ಲದಿದ್ದರೆ ಸಮುದ್ರದ ನೀರು ಕುಡಿದು ವಾಂತಿ ಮಾಡುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದರೆ ನಡಿಗೆ ನಿಂತೇ ಹೋಗುತ್ತದೆ, ಎಷ್ಟೋ ನಾಯಿಗಳ ತೂಕ ಮತ್ತೆ ಏರುವುದು ಆಗ. ಡಬ್ಬಿಯ ಅರ್ಧ ಪಾಲನ್ನು ಬಟ್ಟಲಿಗೆ ಹಾಕದೆ ಚಾವಡಿಯಲ್ಲೆಲ್ಲ ಒಂದೊಂದೇ ಕಾಳು ಬಚ್ಚಿಡಿ, ಮೂಸಿ ಹುಡುಕಲಿ. ಮಳೆ ಬಿಟ್ಟಾಗ ಹೊರಟರೆ ನಿಂತ ನೀರಿಗೆ ಇಳಿಸಬೇಡಿ: ಇಲಿ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ನಾಯಿಗೂ ಬರುತ್ತದೆ, ನಾಯಿಯಿಂದ ನಿಮಗೂ. ಅದರ ಲಸಿಕೆ ವರ್ಷಕ್ಕೊಮ್ಮೆ.

ಇಳಿಯದಿದ್ದರೆ

ನಾಲ್ಕು ವಾರವಾದರೂ ಮುಳ್ಳು ಕದಲದಿದ್ದರೆ ಮೊದಲು ಡಬ್ಬಿಯ ಹೊರಗಿನಿಂದ ಏನು ಹೋಗುತ್ತಿದೆ ಎಂದು ಮೂರು ದಿನ ಬರೆದಿಡಿ. ಮಾತ್ರೆ ನುಂಗಿಸಲು ಬಳಸುವ ಬೆಣ್ಣೆಯನ್ನೂ, ಬೆಕ್ಕಿನ ಬಟ್ಟಲನ್ನೂ ಸೇರಿಸಿ. ಎಲ್ಲವೂ ಸರಿಯಿದ್ದರೆ ಊಟದಲ್ಲಿ ಶೇ 10 ಇಳಿಸಿ, ಇನ್ನೆರಡು ವಾರ ನೋಡಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗೆ ಬೇಕಾಗುವ ಶಕ್ತಿಯೇ ಕಡಿಮೆ, ಅದಕ್ಕೆ ಇಂಥ ತಿದ್ದುಪಡಿ ಹೆಚ್ಚು ಸಲ ಬೇಕಾದೀತು. ಎರಡು ಸಲ ಇಳಿಸಿದ ಮೇಲೂ ಹಾಗೆಯೇ ಇದ್ದರೆ ಮೂರನೆಯ ಸಲ ಇಳಿಸಬೇಡಿ, ರಕ್ತಪರೀಕ್ಷೆಗೆ ಒಯ್ಯಿರಿ.

ಗುರಿ ಮುಟ್ಟಿದ ದಿನ ಹಳೆಯ ಪ್ರಮಾಣಕ್ಕೆ ಮರಳಬೇಡಿ. ಊಟವನ್ನು ಶೇ 10 ಏರಿಸಿ ಎರಡು ವಾರ ತೂಗಿ, ಇನ್ನೂ ಇಳಿಯುತ್ತಿದ್ದರೆ ಮತ್ತೆ ಶೇ 10. ತೂಕ ನಿಂತ ಪ್ರಮಾಣವನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದು, ತಿಂಗಳಿಗೊಮ್ಮೆ ತೂಗಿ. ಹಾರ್ನೆಸ್ಸಿನ ಪಟ್ಟಿಯನ್ನೂ ಬಿಗಿ ಮಾಡಿ. ತೆಳ್ಳಗಾದ ನಾಯಿ ಹಳೆಯ ಅಳತೆಯಿಂದ ಹಿಂದಕ್ಕೆ ಜಾರಿ ರಸ್ತೆಗೆ ಓಡಿಬಿಡುತ್ತದೆ.