ಸೈಕಲ್ಲಿನ ತೂಕವನ್ನು ಸರಿಯಾಗಿ ತಿಳಿಯುವ ಬಗೆ

ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡಿ ಅದರ ತೂಕವನ್ನು ಅಂದಾಜು ಮಾಡುವ ಅಭ್ಯಾಸ ಬಹುಮಟ್ಟಿಗೆ ಎಲ್ಲ ಸವಾರರಿಗೂ ಇದೆ. ಎರಡು ಸೈಕಲ್ಲುಗಳಲ್ಲಿ ಯಾವುದು ಹಗುರ ಎಂಬುದನ್ನು ಕೈ ಹೇಳಬಲ್ಲದೇ ಹೊರತು ಎಷ್ಟು ಹಗುರ ಎಂಬುದನ್ನು ಹೇಳಲಾರದು. ಹಿಡಿದ ಜಾಗ ಗುರುತ್ವ ಕೇಂದ್ರದಿಂದ ಒಂದು ಗೇಣು ಆಚೆಗಿದ್ದರೂ ಸಾಕು, ಸೈಕಲ್ಲು ಒಂದು ಕಡೆಗೆ ವಾಲಿ, ಮಣಿಕಟ್ಟಿನ ಮೇಲೆ ಒತ್ತಡ ಬಿದ್ದು, ಇರುವುದಕ್ಕಿಂತ ಭಾರವೆನಿಸುತ್ತದೆ. ಕಾರಿನ ಹಿಂದೆ ಅಥವಾ ಮಾಡಿನ ಮೇಲೆ ಸೈಕಲ್ಲನ್ನು ಕಟ್ಟುವ ಚೌಕಟ್ಟುಗಳಿಗೆ ಒಂದೊಂದು ಸೈಕಲ್ಲಿಗೂ ಇಂತಿಷ್ಟೇ ಎಂಬ ಮಿತಿ ಇರುತ್ತದೆ. ಹಲವು ವಿಮಾನ ಸಂಸ್ಥೆಗಳು ಒಂದು ಪೆಟ್ಟಿಗೆಗೆ 23 ಕಿಲೋ ಎಂಬ ಗೆರೆ ಎಳೆದಿರುತ್ತವೆ. ತಯಾರಕರು ಸೈಕಲ್ಲು, ಸವಾರ ಮತ್ತು ಹೊರೆ ಮೂರೂ ಸೇರಿ ದಾಟಬಾರದ ಒಟ್ಟು ತೂಕವನ್ನು ಕೈಪಿಡಿಯಲ್ಲಿ ನಮೂದಿಸಿರುತ್ತಾರೆ. ಇಂಥ ಕಡೆಗಳಲ್ಲೆಲ್ಲ ಅಂದಾಜು ಸಾಲದು, ಸಂಖ್ಯೆಯೇ ಬೇಕು.

ಆ ಸಂಖ್ಯೆಯನ್ನು ತಯಾರಕರ ವಿವರಪಟ್ಟಿಯಿಂದ ಎತ್ತಿಕೊಳ್ಳಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲಿ ಬರೆದಿರುವ ತೂಕ ಸಾಮಾನ್ಯವಾಗಿ ಯಾವುದೋ ಒಂದು ಅಳತೆಯ ಫ್ರೇಮಿಗೆ ಸೇರಿದ್ದು, ಬಹಳಷ್ಟು ಸಲ ಪೆಡಲ್‌ಗಳನ್ನು ಬಿಟ್ಟು ಲೆಕ್ಕ ಹಾಕಿದ್ದು. ಒಂದು ಜೊತೆ ಪೆಡಲ್‌ಗಳೇ 250ರಿಂದ 450 ಗ್ರಾಂ ತೂಗುತ್ತವೆ. ಅದರ ಮೇಲೆ ನೀವು ಹಾಕಿಸಿಕೊಂಡ ಸ್ಟ್ಯಾಂಡು, ಮಡ್‌ಗಾರ್ಡು, ಕ್ಯಾರಿಯರ್, ಗಂಟೆ, ದೀಪ ಮತ್ತು ಬೀಗ ಸೇರಿದರೆ ಎರಡು ಮೂರು ಕಿಲೋ ಏರುವುದು ಸಹಜ. ಆದ್ದರಿಂದ ತಕ್ಕಡಿಯನ್ನು ಮುಟ್ಟುವ ಮೊದಲೇ ನಿರ್ಧರಿಸಬೇಕಾದ ಸಂಗತಿಯೆಂದರೆ, ಏನೇನನ್ನು ಸೇರಿಸಿ ತೂಗಬೇಕು ಎಂಬುದು. ಇದನ್ನು ತೂಗುವುದರ ಉದ್ದೇಶವೇ ತೀರ್ಮಾನಿಸಬೇಕು. ಬೇರೊಂದು ಸೈಕಲ್ಲಿನೊಡನೆ ಹೋಲಿಸುವುದಾದರೆ ನೀರಿನ ಬಾಟಲಿ, ಚೀಲ, ಪಂಪು, ಬೀಗ ಎಲ್ಲವನ್ನೂ ತೆಗೆದು, ಪೆಡಲ್‌ಗಳನ್ನು ಮಾತ್ರ ಉಳಿಸಿಕೊಂಡು ತೂಗಬೇಕು. ದಿನವೂ ಮೆಟ್ಟಿಲು ಹತ್ತಿಸುವ ಭಾರ ತಿಳಿಯಬೇಕೆಂದರೆ ದಿನವೂ ಜೊತೆಗಿರುವುದೆಲ್ಲವೂ ಅದರ ಮೇಲೆಯೇ ಇರಬೇಕು. ವಿಮಾನಕ್ಕಾದರೆ ಪೆಟ್ಟಿಗೆಯೊಳಗೆ ಕಟ್ಟಿದ ಮೇಲೆ ತೂಗದೆ ಬೇರೆ ದಾರಿಯಿಲ್ಲ.

ಸೈಕಲ್ಲು ಒಣಗಿರಲಿ, ಕೆಸರು ಅಂಟಿರದಿರಲಿ. ಮಡ್‌ಗಾರ್ಡಿನ ಒಳಮೈಗೆ ಮೆತ್ತಿ ಗಟ್ಟಿಯಾದ ಮಣ್ಣು ಕಣ್ಣಿಗೆ ಬೀಳುವುದಿಲ್ಲವಾದರೂ ತಕ್ಕಡಿಗೆ ಗೊತ್ತಾಗುತ್ತದೆ. ಟಯರುಗಳಲ್ಲಿರುವ ಗಾಳಿಯ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಾಳಿಗೂ ತೂಕವಿದೆ ಎಂಬುದು ನಿಜವೇ, ಆದರೆ ಗಟ್ಟಿಯಾಗಿ ತುಂಬಿದ ಒಂದು ಟಯರಿನೊಳಗಿನ ಹೆಚ್ಚುವರಿ ಗಾಳಿ ಸುಮಾರು 10 ಗ್ರಾಂ ಅಷ್ಟೇ ತೂಗುತ್ತದೆ.

ಹೆಚ್ಚಿನವರಿಗೆ ಮನೆಯಲ್ಲೇ ಸಿಗುವ ಸಾಧನ ದೇಹದ ತೂಕ ನೋಡುವ ಯಂತ್ರ. ಸೈಕಲ್ಲನ್ನು ನೇರವಾಗಿ ಅದರ ಮೇಲೆ ನಿಲ್ಲಿಸಲು ಆಗುವುದಿಲ್ಲವಾದ್ದರಿಂದ ಮೊದಲು ನೀವೊಬ್ಬರೇ ನಿಂತು, ಆಮೇಲೆ ಸೈಕಲ್ಲನ್ನು ಎತ್ತಿಕೊಂಡು ನಿಂತು, ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯಬೇಕು. ಒಬ್ಬರೇ ನಿಂತಾಗ 68.4 ಕಿಲೋ, ಸೈಕಲ್ಲಿನೊಡನೆ 82.1 ಕಿಲೋ ಬಂದರೆ ಸೈಕಲ್ಲಿನ ತೂಕ 13.7 ಕಿಲೋ. ಲೆಕ್ಕ ಇಷ್ಟು ಸರಳವಾದರೂ ತಪ್ಪು ನುಸುಳುವ ದಾರಿಗಳು ಇಲ್ಲಿ ಹಲವು. ಯಂತ್ರ ಗಟ್ಟಿಯಾದ, ಮಟ್ಟವಾದ ನೆಲದ ಮೇಲಿರಬೇಕು. ಜಮಖಾನೆಯ ಮೇಲಿಟ್ಟರೆ ಅದರ ಕಾಲುಗಳು ಹೂತು ಅಂಕಿ ಕೆಡುತ್ತದೆ. ಸೈಕಲ್ಲನ್ನು ಮೈಗೆ ಒತ್ತಿ ಹಿಡಿದು, ಚಕ್ರಗಳು ಗೋಡೆಗಾಗಲಿ ನೆಲಕ್ಕಾಗಲಿ ತಗುಲದಂತೆ, ಅಂಕಿ ನೆಲೆಗೊಳ್ಳುವವರೆಗೂ ಅಲುಗಾಡದೆ ನಿಲ್ಲಬೇಕು. ಎತ್ತಿ ಹಿಡಿದ ಸೈಕಲ್ಲು ಕಾಲಡಿಯ ಅಂಕಿಯನ್ನು ಮರೆಮಾಡುವುದರಿಂದ ಓದಲು ಇನ್ನೊಬ್ಬರಿದ್ದರೆ ಒಳ್ಳೆಯದು. ಬಗ್ಗಿ ನೋಡಲು ಹೋದರೆ ಭಾರ ಮುಂದಕ್ಕೆ ಸರಿದು ಅಂಕಿಯೂ ಸರಿಯುತ್ತದೆ.

ಈ ವಿಧಾನದ ನಿಜವಾದ ದೌರ್ಬಲ್ಯ ಬೇರೆಯೇ ಇದೆ. ಎರಡು ದೊಡ್ಡ ಸಂಖ್ಯೆಗಳ ನಡುವಿನ ಚಿಕ್ಕ ವ್ಯತ್ಯಾಸವನ್ನು ನಾವು ಹುಡುಕುತ್ತಿದ್ದೇವೆ, ಮತ್ತು ಎರಡೂ ಸಂಖ್ಯೆಗಳು ತಮ್ಮ ತಮ್ಮ ತಪ್ಪನ್ನು ಹೊತ್ತು ತರುತ್ತವೆ. 100 ಗ್ರಾಂ ಮೆಟ್ಟಿಲುಗಳಲ್ಲಿ ತೋರಿಸುವ ಯಂತ್ರದಲ್ಲಿ ವ್ಯತ್ಯಾಸವು 100 ಗ್ರಾಂ ಆಚೀಚೆ ಆಗುವುದು ಯಂತ್ರ ಚೆನ್ನಾಗಿದ್ದಾಗಲೂ ಸಾಧ್ಯ. ಆದ್ದರಿಂದ ಒಂದೇ ಸಲ ತೂಗಿ ಮುಗಿಸದೆ, ಒಬ್ಬರೇ ಒಮ್ಮೆ, ಸೈಕಲ್ಲಿನೊಡನೆ ಒಮ್ಮೆ, ಹೀಗೆ ಬದಲಿಸುತ್ತ ಮೂರು ಸುತ್ತು ತೂಗಿ ಸರಾಸರಿ ತೆಗೆಯಿರಿ. ಬದಲಿಸುತ್ತ ತೂಗಬೇಕೆಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲವು ಡಿಜಿಟಲ್ ಯಂತ್ರಗಳು ಹಿಂದಿನ ತೂಕಕ್ಕೆ ತೀರ ಹತ್ತಿರದ ತೂಕ ಬಂದರೆ ಹೊಸದಾಗಿ ಅಳೆಯದೆ ಹಳೆಯ ಅಂಕಿಯನ್ನೇ ಮತ್ತೆ ತೋರಿಸುತ್ತವೆ, ಅದನ್ನು ಕಂಡವರು ಯಂತ್ರ ಎಷ್ಟು ನಿಖರವಾಗಿದೆ ಎಂದು ತಪ್ಪಾಗಿ ನಂಬುತ್ತಾರೆ. ಮೂರು ಸುತ್ತುಗಳ ನಡುವೆ ನೀರು ಕುಡಿಯಬಾರದು, ಬಟ್ಟೆ ಬದಲಿಸಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮಟ್ಟಿಗೆ ಅತ್ಯಂತ ನೆಚ್ಚಿಕೆಯ ಸಾಧನ ಕೊಕ್ಕೆ ತಕ್ಕಡಿ, ಅಂದರೆ ಪ್ರಯಾಣದ ಪೆಟ್ಟಿಗೆಗಳನ್ನು ತೂಗಲು ಬಳಸುವ ಚಿಕ್ಕ ಡಿಜಿಟಲ್ ಲಗೇಜ್ ಸ್ಕೇಲ್. ಸಾಮಾನ್ಯವಾಗಿ 40 ಅಥವಾ 50 ಕಿಲೋವರೆಗೆ ತೂಗುವ ಇದು 10 ಗ್ರಾಂ ಮೆಟ್ಟಿಲುಗಳಲ್ಲಿ ಅಂಕಿ ತೋರಿಸುತ್ತದೆ, ಜೊತೆಗೆ ಕಳೆಯುವ ಲೆಕ್ಕವೇ ಇಲ್ಲದ್ದರಿಂದ ತಪ್ಪಿನ ಒಂದು ಬಾಗಿಲು ಪೂರ್ತಿ ಮುಚ್ಚಿದಂತಾಗುತ್ತದೆ. ಆದರೆ ಅದನ್ನು ಕೈಯಲ್ಲಿ ಹಿಡಿದು ಎತ್ತಬೇಡಿ. ಕೈ ನಡುಗಿದಷ್ಟೂ ಅಂಕಿ ಏರಿಳಿಯುತ್ತದೆ. ಗಟ್ಟಿಯಾದ ತೊಲೆಗೋ ಕಬ್ಬಿಣದ ಸರಳಿಗೋ ತಕ್ಕಡಿಯನ್ನು ತೂಗುಹಾಕಿ, ಸೀಟಿನ ಮುಂತುದಿಯನ್ನು ಕೊಕ್ಕೆಗೆ ಸಿಕ್ಕಿಸಿ ಅಥವಾ ಫ್ರೇಮಿನ ಮೇಲಿನ ಕೊಳವೆಗೆ ಅಗಲವಾದ ಪಟ್ಟಿಯೊಂದನ್ನು ಬಳಸಿ, ಸೈಕಲ್ಲನ್ನು ನೇತುಹಾಕಿ. ಕಾರ್ಬನ್ ಫ್ರೇಮಾದರೆ ಲೋಹದ ಕೊಕ್ಕೆಯನ್ನು ನೇರವಾಗಿ ತಾಗಿಸದೆ ನಡುವೆ ಮೆತ್ತನೆಯ ಬಟ್ಟೆ ಇಡಿ. ಸೀಟಿನಿಂದ ತೂಗುವುದಾದರೆ ಸೀಟಿನ ಬೋಲ್ಟುಗಳು ಬಿಗಿಯಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಹೀಗೆ ತೂಗುಬಿದ್ದ ಸೈಕಲ್ಲು ಒಂದು ಕಡೆ ಇಳಿಬಿದ್ದರೆ ತೂಕ ತಪ್ಪಾಗುತ್ತದೆಯೇನೋ ಎಂದು ಕೆಲವರು ಅಳುಕುತ್ತಾರೆ. ಆ ಅಳುಕು ಬೇಡ. ಸೈಕಲ್ಲು ಬೇರೆ ಏನನ್ನೂ ತಾಗದೆ ಒಂದೇ ಬಿಂದುವಿನಿಂದ ನಿಶ್ಚಲವಾಗಿ ತೂಗುತ್ತಿದ್ದರೆ, ಅದು ಎಷ್ಟೇ ವಾಲಿದ್ದರೂ ಕೊಕ್ಕೆಯ ಮೇಲೆ ಬೀಳುವುದು ಅದರ ಪೂರ್ಣ ತೂಕವೇ.

ವಿದ್ಯುತ್ ಸೈಕಲ್ಲುಗಳನ್ನು ಎತ್ತಿ ಹಿಡಿಯುವುದು ಸೊಂಟಕ್ಕೆ ಒಳ್ಳೆಯದಲ್ಲ. ಅವು 20ರಿಂದ 25 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುತ್ತವೆ. ಅಂಥದಕ್ಕೆ ಒಂದೊಂದೇ ಚಕ್ರವನ್ನು ತೂಗಿ ಕೂಡಿಸುವ ವಿಧಾನ ಸೂಕ್ತ. ಮುಂದಿನ ಚಕ್ರವನ್ನು ಯಂತ್ರದ ಮೇಲಿಟ್ಟು, ಹಿಂದಿನ ಚಕ್ರದಡಿ ಯಂತ್ರದಷ್ಟೇ ಎತ್ತರದ ಹಲಗೆಯನ್ನಿಟ್ಟು, ಸೈಕಲ್ಲನ್ನು ನೇರವಾಗಿ ನಿಲ್ಲಿಸಿ ಒಂದು ಬೆರಳಿನಿಂದ ಮಾತ್ರ ಪಕ್ಕಕ್ಕೆ ಬೀಳದಂತೆ ತಡೆದು ಅಂಕಿ ಬರೆದುಕೊಳ್ಳಿ. ಬಳಿಕ ಚಕ್ರಗಳನ್ನು ಅದಲುಬದಲು ಮಾಡಿ. ಮುಂದೆ 9.8, ಹಿಂದೆ 13.4 ಬಂದರೆ ಒಟ್ಟು 23.2 ಕಿಲೋ. ಹಲಗೆ ಇಡುವುದನ್ನು ಬಿಟ್ಟುಬಿಡುವವರೇ ಹೆಚ್ಚು. ಅದನ್ನು ಬಿಟ್ಟರೆ ತೂಗುತ್ತಿರುವ ಚಕ್ರ ಎರಡು ಸಲವೂ ಎತ್ತರದಲ್ಲಿರುತ್ತದೆ, ಭಾರ ತುಸು ಇನ್ನೊಂದು ಚಕ್ರದ ಕಡೆಗೆ ಜಾರುತ್ತದೆ, ಎರಡು ಸಲವೂ ಅಂಕಿ ಕಡಿಮೆಯೇ ಬರುತ್ತದೆ, ಆದ್ದರಿಂದ ಮೊತ್ತವೂ ಕಡಿಮೆ. ತಪ್ಪು ಚಿಕ್ಕದೇ, ಆದರೆ ಒಂದೇ ದಿಕ್ಕಿನದಾದ್ದರಿಂದ ಎಷ್ಟು ಸಲ ತೂಗಿ ಸರಾಸರಿ ತೆಗೆದರೂ ಹೋಗುವುದಿಲ್ಲ. ಹಗುರವಾದ ಸೈಕಲ್ಲಿಗೆ ಈ ವಿಧಾನ ಒಮ್ಮೊಮ್ಮೆ ಕೈಕೊಡುತ್ತದೆ, ಏಕೆಂದರೆ ದೇಹದ ತೂಕದ ಯಂತ್ರಗಳು ನಾಲ್ಕೈದು ಕಿಲೋಗಿಂತ ಕಡಿಮೆ ಭಾರಕ್ಕೆ ಎಚ್ಚರಗೊಳ್ಳದೆಯೇ ಇರಬಹುದು.

ಯಾವ ತಕ್ಕಡಿಯೂ ಕೈಗೆ ಸಿಗದಿದ್ದರೆ ಸನ್ನೆಗೋಲು ಇದೆ. ಎರಡು ಮೀಟರ್ ಉದ್ದದ ಗಟ್ಟಿಯಾದ ಗಳುವನ್ನು ನಡುವೆ ಹಗ್ಗ ಕಟ್ಟಿ ತೂಗುಹಾಕಿ. ಹಗ್ಗದಿಂದ ಒಂದು ಕಡೆ ಸರಿಯಾಗಿ 80 ಸೆಂಟಿಮೀಟರ್ ದೂರದಲ್ಲಿ ಖಾಲಿ ಬಕೆಟ್ಟನ್ನು ನೇತುಹಾಕಿ, ಇನ್ನೊಂದು ಕಡೆಯ ತುದಿಗೆ ಕಲ್ಲು ಕಟ್ಟಿ ಗಳು ಮಟ್ಟವಾಗಿ ನಿಲ್ಲುವಂತೆ ಮಾಡಿ. ಹೀಗೆ ಮಾಡಿದರೆ ಬಕೆಟ್ಟಿನ ತೂಕ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. ಈಗ ಕಲ್ಲಿನ ಕಡೆಯಲ್ಲಿ, ಹಗ್ಗದಿಂದ 40 ಸೆಂಟಿಮೀಟರ್ ದೂರಕ್ಕೆ, ಗಳುವಿಗೆ ಅಡ್ಡಲಾಗಿ ಸೈಕಲ್ಲನ್ನು ತೂಗುಹಾಕಿ, ಗಳು ಮತ್ತೆ ಮಟ್ಟಕ್ಕೆ ಬರುವವರೆಗೆ ಬಕೆಟ್ಟಿಗೆ ಅಳೆದು ಅಳೆದು ನೀರು ಸುರಿಯಿರಿ. ಬಕೆಟ್ಟು ಎರಡರಷ್ಟು ದೂರದಲ್ಲಿರುವುದರಿಂದ ಅದರ ಒಂದು ಕಿಲೋ ಸೈಕಲ್ಲಿನ ಎರಡು ಕಿಲೋಗೆ ಸಮ. ಏಳು ಲೀಟರ್ ನೀರು ಹಿಡಿದರೆ ಸೈಕಲ್ಲು 14 ಕಿಲೋ. ದೂರಗಳನ್ನು ಹಗ್ಗ ಕಟ್ಟಿದ ಬಿಂದುವಿನಿಂದಲೇ ಎಚ್ಚರಿಕೆಯಿಂದ ಅಳೆಯಬೇಕು. 40 ಸೆಂಟಿಮೀಟರಿನ ಕಡೆ ಒಂದು ಸೆಂಟಿಮೀಟರ್ ತಪ್ಪಿದರೂ ಉತ್ತರದಲ್ಲಿ 350 ಗ್ರಾಂ ಏರುಪೇರಾಗುತ್ತದೆ. ಸಾಮಾನು ಹೊಂದಿಸಲು ಅರ್ಧ ಗಂಟೆ ಹಿಡಿದರೂ, ನೀರು ಮತ್ತು ಅಳತೆಪಟ್ಟಿಯಿಂದಲೇ ತೂಕವೊಂದು ಹೊರಬರುವುದನ್ನು ನೋಡುವುದು, ಅದರಲ್ಲೂ ಮಕ್ಕಳೊಡನೆ ನೋಡುವುದು, ನಿಜಕ್ಕೂ ಸಂತೋಷದ ಕೆಲಸ.

ಇಷ್ಟೆಲ್ಲ ಮಾಡಿಯೂ ತಕ್ಕಡಿಯೇ ಸುಳ್ಳು ಹೇಳುತ್ತಿದ್ದರೆ? ಅದನ್ನು ಪರೀಕ್ಷಿಸುವುದಕ್ಕೂ ನೀರೇ ಸಾಕು. ಅಳತೆಯ ಪಾತ್ರೆಯಿಂದ 10 ಲೀಟರ್ ನೀರನ್ನು ಬಕೆಟ್ಟಿಗೆ ತುಂಬಿ ತೂಗಿ, ಖಾಲಿ ಬಕೆಟ್ಟಿನ ತೂಕವನ್ನು ಕಳೆಯಿರಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟು ನೀರು 9.98 ಕಿಲೋ, 30 ಡಿಗ್ರಿಯಲ್ಲಿ 9.96 ಕಿಲೋ ತೂಗುತ್ತದೆ. ತಕ್ಕಡಿ ಅದನ್ನು 10.2 ಎಂದು ತೋರಿಸಿದರೆ ನೂರಕ್ಕೆ ಎರಡರಷ್ಟು ಹೆಚ್ಚು ಹೇಳುತ್ತಿದೆ ಎಂದರ್ಥ, ಸೈಕಲ್ಲಿನ ಅಂಕಿಯಲ್ಲೂ ಅಷ್ಟನ್ನೇ ಇಳಿಸಿಕೊಳ್ಳಿ. ಈ ಪರೀಕ್ಷೆಯಿಂದ ಇನ್ನೊಂದು ಸೂಕ್ಷ್ಮ ದೋಷವೂ ತಾನಾಗಿ ತೀರುತ್ತದೆ. ಸ್ಪ್ರಿಂಗಿನ ತಕ್ಕಡಿಯಾಗಲಿ ಡಿಜಿಟಲ್ ತಕ್ಕಡಿಯಾಗಲಿ ಅಳೆಯುವುದು ಭೂಮಿಯ ಸೆಳೆತವನ್ನು, ಆ ಸೆಳೆತವೋ ಭೂಮಧ್ಯರೇಖೆಯಲ್ಲಿ 9.78, ಧ್ರುವಗಳಲ್ಲಿ 9.83 ಮೀಟರ್ ಪ್ರತಿ ಸೆಕೆಂಡಿನ ವರ್ಗಕ್ಕೆ ಎಂಬಂತೆ ಊರಿಂದೂರಿಗೆ ಬದಲಾಗುತ್ತದೆ. ತಯಾರಾದ ಕಡೆಯೊಂದು, ಬಳಸುವ ಕಡೆಯೊಂದು ಆದಾಗ 14 ಕಿಲೋ ಸೈಕಲ್ಲಿನಲ್ಲಿ ಹೆಚ್ಚೆಂದರೆ 70 ಗ್ರಾಂ ವ್ಯತ್ಯಾಸ ಬರಬಹುದು. ನೀರಿನೊಡನೆ ಹೋಲಿಸಿದಾಗ ಎರಡೂ ಒಂದೇ ಸೆಳೆತದಲ್ಲಿರುವುದರಿಂದ ಆ ವ್ಯತ್ಯಾಸ ಅಳಿಸಿಹೋಗುತ್ತದೆ, ಸನ್ನೆಗೋಲಿನಲ್ಲಂತೂ ಅದು ಹುಟ್ಟುವುದೇ ಇಲ್ಲ.

ಬಂದ ಸಂಖ್ಯೆ ನಂಬುವಂಥದ್ದೇ ಎಂದು ನೋಡಲು ಸಾಮಾನ್ಯ ತೂಕಗಳ ಪರಿಚಯವಿರಬೇಕು. ಯುಸಿಐ ಎಂಬ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ನೆಯ ಇಸವಿಯಿಂದ ಸ್ಪರ್ಧೆಯ ಸೈಕಲ್ಲು 6.8 ಕಿಲೋಗಿಂತ ಹಗುರವಿರಕೂಡದೆಂದು ನಿಯಮ ಮಾಡಿದೆ, ಆದ್ದರಿಂದ ದಿನಬಳಕೆಯ ಸೈಕಲ್ಲು ಏಳು ಕಿಲೋ ಬಂದರೆ ಚಕ್ರ ಎಲ್ಲೋ ನೆಲಕ್ಕೆ ತಗುಲಿದೆ ಎಂದೇ ತಿಳಿಯಬೇಕು. ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕುಗಳು ಒಂಬತ್ತರಿಂದ ಹನ್ನೊಂದು ಕಿಲೋ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕುಗಳು ಹನ್ನೊಂದರಿಂದ ಹದಿನೈದು, ಮಡ್‌ಗಾರ್ಡು ಕ್ಯಾರಿಯರುಗಳಿರುವ ಉಕ್ಕಿನ ಹಳೆಯ ಮಾದರಿಯವು ಹದಿನೆಂಟರಿಂದ ಇಪ್ಪತ್ತೆರಡು ಕಿಲೋ ತೂಗುವುದು ವಾಡಿಕೆ.

ತೂಕವನ್ನು ಬರೆದಿಡುವಾಗ ಬರಿಯ ಅಂಕಿಯನ್ನು ಬರೆಯಬೇಡಿ. "13.7 ಕಿಲೋ, ಪೆಡಲ್ ಮತ್ತು ಸ್ಟ್ಯಾಂಡ್ ಸಹಿತ, ಬಾಟಲಿ ಮತ್ತು ಬೀಗ ರಹಿತ, ಕೊಕ್ಕೆ ತಕ್ಕಡಿಯಲ್ಲಿ" ಎಂದು ತಾರೀಖಿನೊಡನೆ ಬರೆಯಿರಿ. ಮುಂದೆ ಟಯರನ್ನೋ ಸೀಟನ್ನೋ ಬದಲಿಸಿದಾಗ ಇಡೀ ಸೈಕಲ್ಲನ್ನು ಮತ್ತೆ ತೂಗುವುದಕ್ಕಿಂತ, ತೆಗೆದ ಭಾಗವನ್ನೂ ಹಾಕಿದ ಭಾಗವನ್ನೂ ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅವುಗಳ ಅಂತರವನ್ನು ಹಳೆಯ ಅಂಕಿಗೆ ಸೇರಿಸುವುದೋ ಕಳೆಯುವುದೋ ಮಾಡಿದರೆ ಹೆಚ್ಚು ನಿಖರವಾದ ಉತ್ತರ ಸಿಗುತ್ತದೆ.