ಸಿಡಿಲಿಗೂ ವಂಚಕರಿಗೂ ಸಿಗದಂತೆ ಮನೆಯ ಕಂಪ್ಯೂಟರ್

ಮಲೆನಾಡಿನಲ್ಲಿ ಕಂಪ್ಯೂಟರಿನ ಕಷ್ಟಕಾಲ ಜಡಿಮಳೆಗೆ ಮೊದಲೇ ಶುರುವಾಗುತ್ತದೆ. ಭರಣಿ, ಕೃತ್ತಿಕೆಯ ಗುಡುಗು-ಸಿಡಿಲು ಒಂದು ಸುತ್ತು, ಹಸ್ತ, ಚಿತ್ತೆಯಲ್ಲಿ ಮತ್ತೊಂದು ಸುತ್ತು. ನಡುವಿನ ತಿಂಗಳುಗಳಲ್ಲಿ ಸಿಡಿಲು ಕಡಿಮೆ, ಥಂಡಿ ಜಾಸ್ತಿ. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಈ ಕೆಲಸಗಳನ್ನು ಮುಗಿಸಿಬಿಡಿ.

ಮೊದಲು ಫೈಲುಗಳ ನಕಲು

ಸುಟ್ಟ ಕಂಪ್ಯೂಟರ್ ದುಡ್ಡು ಕೊಟ್ಟರೆ ಮತ್ತೆ ಬರುತ್ತದೆ. ಅಜ್ಜಿಯ ಫೋಟೊ, ಸ್ಕ್ಯಾನ್ ಮಾಡಿಟ್ಟ ಹಳೆಯ ಪಹಣಿ, ಅಡಿಕೆ ಲೆಕ್ಕ ಬರುವುದಿಲ್ಲ. 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸಾಮಾನ್ಯ ಮನೆಗೆ ಧಾರಾಳ ಸಾಕು. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಈ ಮೂರರ ಜೊತೆಗೆ ಡೌನ್‌ಲೋಡ್ಸ್ ಫೋಲ್ಡರನ್ನೂ ಕಾಪಿ ಮಾಡಿ. ಬ್ಯಾಂಕಿನ ಕಾಗದ, ಮಕ್ಕಳ ಅಂಕಪಟ್ಟಿ ಎಲ್ಲ ಅಲ್ಲೇ ಬಿದ್ದಿರುತ್ತವೆ. ಕಾಪಿ ಮುಗಿದ ಮೇಲೆ ಡಿಸ್ಕಿನಿಂದಲೇ ಐದಾರು ಫೈಲು ತೆರೆದು ನೋಡಿ. ತೆರೆದು ನೋಡದ ನಕಲನ್ನು ನಂಬಬೇಡಿ.

ಆಮೇಲೆ ಡಿಸ್ಕನ್ನು ಇಜೆಕ್ಟ್ ಮಾಡಿ ಕಳಚಿಡಿ. ಸದಾ ಸಿಕ್ಕಿಸಿಟ್ಟ ಡಿಸ್ಕಿಗೆ ಕಂಪ್ಯೂಟರಿನ ಗತಿಯೇ ಬರುತ್ತದೆ: ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಡಿಸ್ಕಿನಲ್ಲಿರುವುದನ್ನೂ ಕೆಡಿಸುತ್ತದೆ, ಸಿಡಿಲಿನ ಕರೆಂಟು ಯುಎಸ್‌ಬಿ ತಂತಿಯಲ್ಲೂ ಹರಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಿಸ್ಕ್ ಇಡಿ. ಇನ್ನೊಂದು ನಕಲು ಬೇರೆ ಊರಿನಲ್ಲಿ, ಶಿವಮೊಗ್ಗದ ನೆಂಟರ ಮನೆಯಲ್ಲೋ ಮಗಳ ಮನೆಯಲ್ಲೋ ಇದ್ದರೆ ಒಳ್ಳೆಯದು. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗವನ್ನು ಇಮೇಲ್, ಫೋಟೊ ಎರಡೂ ಹಂಚಿಕೊಳ್ಳುವುದರಿಂದ ಅದು ಬೇಗ ತುಂಬುತ್ತದೆ. ಅದರಲ್ಲಿ ಕಾಗದಪತ್ರ ಮಾತ್ರ ಇಡಿ.

ಸ್ವಿಚ್ ಆರಿಸಿದರೆ ಸಾಲದು

ಗೋಡೆಯ ಸ್ವಿಚ್ ಫೇಸ್ ತಂತಿಯನ್ನಷ್ಟೇ ಕಡಿಯುತ್ತದೆ. ನ್ಯೂಟ್ರಲ್, ಅರ್ತ್ ಹಾಗೇ ಜೋಡಿಕೊಂಡಿರುತ್ತವೆ. ಅಲ್ಲದೆ ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಸಿಡಿಲು ಲೆಕ್ಕಕ್ಕೇ ಇಡುವುದಿಲ್ಲ. ಗುಡುಗು ದೂರದಲ್ಲಿ ಕೇಳಿಸುತ್ತಿರುವಾಗಲೇ ಪ್ಲಗ್ ಕೀಳಿ. ಹತ್ತಿರ ಬಂದ ಮೇಲೆ ತಂತಿ ಮುಟ್ಟಲು ಹೋಗಬೇಡಿ. ಯುಪಿಎಸ್ ಇದ್ದರೆ ಅದರ ಪ್ಲಗ್ಗನ್ನೂ ಗೋಡೆಯಿಂದ ತೆಗೆಯಿರಿ. ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರಿಳಿತಕ್ಕೆ ಆದೀತು, ಹತ್ತಿರ ಬಿದ್ದ ಸಿಡಿಲನ್ನು ತಡೆಯಲಾರದು. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಂತೂ ಅದು ಹೆಸರಿಗಷ್ಟೇ.

ಫೈಬರ್ ಸಂಪರ್ಕ ಇರುವವರು ಗಾಜಿನ ಎಳೆಯಲ್ಲಿ ಕರೆಂಟು ಬರುವುದಿಲ್ಲ ಎಂದು ಸುಮ್ಮನಿರುತ್ತಾರೆ. ಗಾಜಿನ ಮಾತು ನಿಜ. ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯಲ್ಲಿದೆ, ಅದರಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ ತಾಮ್ರದ್ದು. ಎರಡನ್ನೂ ಕಳಚಿ. ವೈಫೈ ಸಾಕಾಗುವ ಮನೆಯಲ್ಲಿ ಲ್ಯಾನ್ ಕೇಬಲ್ ಬೇಡವೇ ಬೇಡ. ಕಂಪ್ಯೂಟರನ್ನು ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ಜೋಡಿಸಿದ್ದರೆ ಡಿಶ್ ತಂತಿಯೂ ಸಿಡಿಲಿಗೆ ಒಂದು ದಾರಿ ಎಂಬುದು ನೆನಪಿರಲಿ.

ತಾರೀಖು ತಪ್ಪಿದರೆ

ಹೀಗೆ ಪ್ಲಗ್ ಕಿತ್ತಿಡುವ ಮನೆಗಳಲ್ಲಿ ಇನ್ನೊಂದು ತೊಂದರೆ ಕಾಣಿಸುತ್ತದೆ. ಗಡಿಯಾರ ನಡೆಸುವ ಕೆಲಸ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲಿನ ಮೇಲೇ ಬಿದ್ದು ಅದು ಬೇಗ ಖಾಲಿಯಾಗುತ್ತದೆ. ಆಮೇಲೆ ಆನ್ ಮಾಡಿದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಅವಧಿಯ ಲೆಕ್ಕವಿರುವುದರಿಂದ, ತಪ್ಪು ತಾರೀಖಿನ ಕಂಪ್ಯೂಟರಿನಲ್ಲಿ ಬ್ಯಾಂಕಿನ ಅಸಲಿ ಪುಟಕ್ಕೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಮನೆಯವರು ಅದನ್ನು ದಾಟಿ ಮುಂದೆ ಹೋಗುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ನಕಲಿ ಪುಟ ಬಂದ ದಿನವೂ ಬೆರಳು ಅಲ್ಲಿಗೇ ಹೋಗುತ್ತದೆ. ಎಚ್ಚರಿಕೆ ಕಂಡ ಕೂಡಲೇ ಮೂಲೆಯ ತಾರೀಖು ನೋಡಿ. ತಪ್ಪಿದ್ದರೆ ಸಿಆರ್2032 ಎಂಬ 3 ವೋಲ್ಟಿನ ಸೆಲ್ ಹಾಕಿಸಿ. ತಾರೀಖು ಸರಿಯಿದ್ದೂ ಎಚ್ಚರಿಕೆ ಬಂದರೆ ಪುಟ ಮುಚ್ಚಿ.

ಥಂಡಿಗೆ ಮದ್ದು ಬಳಕೆಯೇ. ಆರಿದ್ರೆ, ಪುನರ್ವಸು ಮಳೆಯಲ್ಲಿ ವಾರಗಟ್ಟಲೆ ಮುಚ್ಚಿಡಬೇಡಿ, ಸಿಡಿಲಿಲ್ಲದ ಹೊತ್ತು ನೋಡಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಅದರ ಬಿಸಿಗೇ ಒಳಗಿನ ಪಸೆ ಆರುತ್ತದೆ. ಗೋಡೆಯಿಂದ ಅರ್ಧ ಅಡಿ ದೂರವಿರಲಿ. ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಯೇ ಉಳಿದರೆ, ಪ್ಲಗ್ ಕಿತ್ತು ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಹೊರತೆಗೆದು ಹಿತ್ತಾಳೆ ಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆತ್ತಗೆ ಒರೆಸಿ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಯಾರಿಗೆ ಎಷ್ಟು ಅಧಿಕಾರ

ಎಲ್ಲರೂ ಒಂದೇ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಕೂತರೆ ಯಾರು ಏನು ಒತ್ತಿದರೂ ಅದು ಇನ್‌ಸ್ಟಾಲ್ ಆಗುತ್ತದೆ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ದಿನಬಳಕೆಗೆ ‘ಸ್ಟ್ಯಾಂಡರ್ಡ್ ಯೂಸರ್’ ಖಾತೆ ಮಾಡಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮನೆಯಲ್ಲಿ ಒಬ್ಬರ ಬಳಿ ಇದ್ದರೆ ಸಾಕು. ವಿಂಡೋಸ್ ಜೊತೆಗೇ ಬರುವ, ವೈರಸ್ ತಡೆಯುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಅದನ್ನು ಆಫ್ ಮಾಡಿ ಎಂದು ಹೇಳುವ ಕಳ್ಳ ನಕಲಿನ ‘ಕ್ರ್ಯಾಕ್’ ಸಾಫ್ಟ್‌ವೇರ್ ಬೇಡ, ಪತ್ರ-ಲೆಕ್ಕಕ್ಕೆ ಲಿಬ್ರೆ ಆಫೀಸ್ ಉಚಿತವಾಗಿಯೇ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪದ ಹಳೆಯ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡದಿರುವುದು ಕ್ಷೇಮ.

ಪರದೆ ಕಿರುಚಿದಾಗ

‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪು ಬರಹ, ಜೊತೆಗೆ ಸೈರನ್. ಅದು ಬರೀ ಒಂದು ಜಾಲಪುಟ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ, ತೆರೆಯುವ ಪಟ್ಟಿಯಲ್ಲಿ ಬ್ರೌಸರನ್ನು ‘ಎಂಡ್ ಟಾಸ್ಕ್’ ಮಾಡಿ. ಮತ್ತೆ ತೆರೆದಾಗ ಹಳೆಯ ಪುಟ ‘ರಿಸ್ಟೋರ್’ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

ಆ ನಂಬರಿಗೆ ಕರೆ ಹೋಗಿ, ಅವರು ಹೇಳಿದ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್ ಹಾಕಿದ್ದೂ ಆಗಿದ್ದರೆ ಮೊದಲು ರೌಟರ್ ಆರಿಸಿ. ಬೇರೆ ಸಾಧನದಲ್ಲಿ ಪಾಸ್‌ವರ್ಡ್ ಬದಲಿಸಿ, ಇಮೇಲಿನದ್ದೇ ಮೊದಲು, ಉಳಿದ ಖಾತೆಗಳ ಕೀಲಿ ಅಲ್ಲಿದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ವಂಚಕರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸಿ ತೆಗೆದುಕೊಳ್ಳುವ ಮುನ್ನ ತಡೆಹಿಡಿದರೆ ಮಾತ್ರ ಸಿಗುವ ಆಸೆ. ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ಹೊತ್ತು, ಯುಪಿಐ ಆಗಿದ್ದರೆ 12 ಅಂಕಿಯ ವಹಿವಾಟು ಸಂಖ್ಯೆ ಎದುರಿಗಿರಲಿ. ದೂರು ದಾಖಲಾಗುವವರೆಗೆ ಬಂದ ಮೆಸೇಜು, ಕರೆಯ ಪಟ್ಟಿ ಯಾವುದನ್ನೂ ಅಳಿಸಬೇಡಿ.